ಕೆಟ್ಟ ಗ್ರಾಫ್ ಮೊದಲು ತೋರಿಸಿ

(ಮಂಡ್ಯದಲ್ಲಿ ವಿಜ್ಞಾನ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ಕೊಂಚ ಸೇರಿಸಿದ್ದೇನೆ. ಕೊನೆಯ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಈ ಎಲೆಕ್ಟ್ರೋಡನ್ನು ಮುಂದಿನ ಸಾಲಿಗೆ ಕೊಡುತ್ತೇನೆ. ನೋಡಿ, ಹಿಂದಿನವರಿಗೆ ದಾಟಿಸಿ. ಪೆನ್ಸಿಲ್ ತುಂಡಿನಂಥ ಒಂದು ಕಡ್ಡಿ, ದ್ರಾವಣಕ್ಕೆ ಕರೆಂಟ್ ಒಯ್ಯುವ ಕಡ್ಡಿ. ಅದರ ತುದಿಯಲ್ಲಿ ಒಂದು ಕಪ್ಪು ಚುಕ್ಕೆ ಇದೆ. 3 ಮಿಲಿಮೀಟರ್ ಅಗಲ, ಚಿಕ್ಕ ಬೊಟ್ಟಿನಷ್ಟು. ಅದು ಗ್ಲಾಸಿ ಕಾರ್ಬನ್, ಗಾಜಿನ ಹಾಗೆ ಹೊಳೆಯುವ ಇಂಗಾಲ. ಎಲೆಕ್ಟ್ರೋಕೆಮಿಸ್ಟ್ರಿ ಅಂದರೆ ವಿದ್ಯುತ್ತಿಗೂ ರಾಸಾಯನಿಕ ಕ್ರಿಯೆಗೂ ಇರುವ ನಂಟನ್ನು ನೋಡುವ ವಿಷಯ. ಅದರ ಲ್ಯಾಬಿನಲ್ಲಿ ವರ್ಷಗಟ್ಟಲೆ ನಡೆಯುವ ಕೆಲಸದಲ್ಲಿ ಜಾಸ್ತಿ ಪಾಲು ಆ ಚುಕ್ಕೆಯ ಮೇಲೇ ನಡೆಯುತ್ತದೆ. ಕಪ್ಪು ಮುಖವನ್ನು ಬೆರಳಿನಿಂದ ಮುಟ್ಟಬೇಡಿ. ಮುಟ್ಟಿಬಿಟ್ಟರೂ ಹೆದರಬೇಡಿ, ಮೈಸೂರಿಗೆ ಹೋದ ಮೇಲೆ ಉಜ್ಜಿಕೊಳ್ಳುತ್ತೇನೆ.

ಈ ಉಜ್ಜುವ ಕೆಲಸದಿಂದಲೇ ಶುರುಮಾಡೋಣ. ನಮ್ಮ ಲ್ಯಾಬಿಗೆ ಹೊಸಬರು ಬಂದರೆ ಮೊದಲ ವಾರ ಮಷೀನ್ ಮುಟ್ಟುವುದಿಲ್ಲ, ಉಜ್ಜುತ್ತಾರೆ. ಮೆತ್ತನೆಯ ಪ್ಯಾಡ್ ಮೇಲೆ ಅಲ್ಯುಮಿನಾ ಪುಡಿ, ಎರಡು ತೊಟ್ಟು ಡಿಸ್ಟಿಲ್ಡ್ ವಾಟರ್. ಮೊದಲು 1 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ನುಣ್ಣನೆಯ ಪುಡಿ, ಆಮೇಲೆ 0.3, ಕೊನೆಗೆ 0.05. ಒಂದೊಂದು ಪುಡಿಗೆ ಒಂದೊಂದು ಪ್ಯಾಡ್, ಅದಲುಬದಲು ಮಾಡುವ ಹಾಗಿಲ್ಲ. ಕಡ್ಡಿಯನ್ನು ನೆಟ್ಟಗೆ ಹಿಡಿದು ಎಂಟರ ಆಕಾರದಲ್ಲಿ ತಿರುಗಿಸಬೇಕು. ಒಂದೇ ದಿಕ್ಕಿಗೆ ಉಜ್ಜಿದರೆ ಆ ದಿಕ್ಕಿಗೇ ಗೀರು ಬೀಳುತ್ತದೆ. ಕೈ ವಾಲಿದರೆ ಮುಖವೂ ವಾಲುತ್ತದೆ.

ಇದನ್ನು ನಾನು ಕಲಿಸುವುದಿಲ್ಲ. ಸೀನಿಯರ್ ಹುಡುಗಿಯೊಬ್ಬಳು ಕಲಿಸುತ್ತಾಳೆ. ಜೂನಿಯರ್‌ಗಳು ಅವಳನ್ನು ಅಕ್ಕ ಅನ್ನುತ್ತಾರೆ. ಒಂದು ಸಲ ಅವಳು ಹೊಸ ಹುಡುಗನಿಗೆ "ಎಂಟು ಬರೆದ ಹಾಗೆ ಉಜ್ಜು" ಅಂದಳು. ಅವನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವನು. ಅಚ್ಚುಕಟ್ಟಾಗಿ ಕನ್ನಡದ ೮ ಬರೆಯುತ್ತಾ ಉಜ್ಜಿದ. ಅಕ್ಕ ನಗಲಿಲ್ಲ. ಅವನ ಕೈ ಮೇಲೆ ತನ್ನ ಕೈ ಇಟ್ಟು, "ಹೀಗಲ್ಲ ಕಣೋ, ಇಂಗ್ಲಿಷ್ ಎಂಟು" ಅಂತ ನಾಲ್ಕು ಸುತ್ತು ತಿರುಗಿಸಿ ತೋರಿಸಿದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆ ನಾಲ್ಕು ಸುತ್ತು ಯಾವ ರಿಸರ್ಚ್ ಪೇಪರಿನಲ್ಲೂ ಬರುವುದಿಲ್ಲ. ಪೇಪರಿನಲ್ಲಿ "ಎಲೆಕ್ಟ್ರೋಡನ್ನು ಅಲ್ಯುಮಿನಾದಿಂದ ಪಾಲಿಶ್ ಮಾಡಲಾಯಿತು" ಅಂತ ಒಂದು ಸಾಲು ಇರುತ್ತದೆ, ಅಷ್ಟೇ.

ಚೆನ್ನಾಗಿ ಉಜ್ಜಿದ್ದೇವಾ ಇಲ್ಲವಾ ಅಂತ ನೋಡೋಕೆ ಒಂದು ಪರೀಕ್ಷೆ ಇದೆ. ಪೊಟ್ಯಾಸಿಯಂ ಫೆರಿಸಯನೈಡ್ ದ್ರಾವಣದಲ್ಲಿ ಅದ್ದಿ ವೋಲ್ಟೇಜನ್ನು ಮೇಲಕ್ಕೂ ಕೆಳಕ್ಕೂ ಓಡಿಸುತ್ತೇವೆ. ಹರಿಯುವ ಕರೆಂಟಿನ ಗ್ರಾಫಿನಲ್ಲಿ ಮೇಲೊಂದು ಪೀಕ್, ಅಂದರೆ ಶಿಖರ, ಕೆಳಗೊಂದು ಪೀಕ್ ಬರುತ್ತದೆ. ಎರಡರ ನಡುವಿನ ಅಂತರ ಲೆಕ್ಕದ ಪ್ರಕಾರ ಸುಮಾರು 59 ಮಿಲಿವೋಲ್ಟ್. ನಮ್ಮ ಕೈಯಲ್ಲಿ 70 ಬಂದರೆ ಖುಷಿ, 80ಕ್ಕೂ ಬೇಜಾರಿಲ್ಲ. 150 ಬಂತೋ, ಮತ್ತೆ ಪ್ಯಾಡ್ ಹತ್ತಿರ ಹೋಗಬೇಕು. ಮೊದಲ ದಿನ ಎಲ್ಲರಿಗೂ ದೊಡ್ಡ ಅಂತರವೇ ಬರುತ್ತದೆ. ನನಗೂ ಹಾಗೇ ಬಂದಿತ್ತು.

ನಾನು ಇವತ್ತು ಹೇಳೋಕೆ ಬಂದಿರುವ ವಿಷಯ ಇಲ್ಲೇ ಇದೆ. 150 ಬಂದಾಗ ಆ ಹುಡುಗ ಏನು ಮಾಡುತ್ತಾನೆ? ಓಡಿಬಂದು ತೋರಿಸುತ್ತಾನಾ, ಇಲ್ಲ ಅಳಿಸಿಹಾಕುತ್ತಾನಾ? ಲ್ಯಾಬ್ ಎಂಥದ್ದು, ಗೈಡ್ ಎಂಥವರು ಅನ್ನುವುದು ನನಗೆ ಅಲ್ಲಿ ಗೊತ್ತಾಗುತ್ತದೆ. ಎಷ್ಟು ಪೇಪರ್ ಬಂತು, ಎಷ್ಟು ಲಕ್ಷದ ಪ್ರಾಜೆಕ್ಟ್ ಬಂತು ಅನ್ನುವುದೆಲ್ಲ ಆಮೇಲಿನ ಮಾತು.

ನಾನು ರಿಸರ್ಚ್ ಮಾಡುವಾಗ ಕಂಪ್ಯೂಟರ್ ಇರಲಿಲ್ಲ. ಎಕ್ಸ್-ವೈ ರೆಕಾರ್ಡರ್ ಅಂತ ಒಂದು ಯಂತ್ರ. ಗ್ರಾಫ್ ಹಾಳೆ ಅಂಟಿಸಿ ಪೆನ್ನು ಇಳಿಸಿದರೆ ಅದು ಗೆರೆ ಎಳೆಯುತ್ತಾ ಹೋಗುತ್ತಿತ್ತು. ಕೆಟ್ಟ ಗ್ರಾಫ್ ಬಂದರೂ ಶಾಯಿಯಲ್ಲೇ ಬರುತ್ತಿತ್ತು. ಅಳಿಸೋಕೆ ಆಗುತ್ತಿರಲಿಲ್ಲ. ಹಾಳೆ ದುಬಾರಿ, ಬಿಸಾಡೋಕೂ ಮನಸ್ಸು ಬರುತ್ತಿರಲಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ನಮ್ಮ ಗುರುಗಳು ಬಂದು ಸ್ಟೂಲ್ ಎಳೆದುಕೊಂಡು ಕೂರುತ್ತಿದ್ದರು. "ಇವತ್ತು ಏನಮ್ಮ ಕೆಟ್ಟಿತು?" ಇದು ಅವರ ಮೊದಲ ಪ್ರಶ್ನೆ. ರಿಸಲ್ಟ್ ಏನು ಅಂತ ಕೇಳಿದ್ದು ನನಗೆ ನೆನಪಿಲ್ಲ. ಕೆಟ್ಟ ಹಾಳೆಗಳನ್ನೆಲ್ಲ ಬೆಂಚಿನ ಮೇಲೆ ಹರಡಿಸಿ, ಎದ್ದು ನಿಂತು ನೋಡುತ್ತಿದ್ದರು, ರಂಗೋಲಿ ನೋಡಿದ ಹಾಗೆ. "ಇದೂ ಇದೂ ಒಂದೇ ಥರ ಕೆಟ್ಟಿದೆ ನೋಡು" ಅನ್ನುತ್ತಿದ್ದರು. ಒಂದೇ ಥರ ಕೆಟ್ಟರೆ ಅದಕ್ಕೊಂದು ಕಾರಣ ಇರುತ್ತದೆ ಅಲ್ವಾ? ಆ ಮಾತು ನನಗೆ ಅರ್ಥವಾಗೋಕೆ ಎರಡು ವರ್ಷ ಬೇಕಾಯಿತು.

ಅಂಥವರ ಕೈಯಲ್ಲಿ ಕಲಿತ ನಾನು ಗೈಡ್ ಆದ ಮೇಲೆ ಆ ಪ್ರಶ್ನೆಯನ್ನು ಮರೆತೆ. ಆ ಕಥೆಯನ್ನು ನಿಮ್ಮ ಮುಂದೆ ಪೂರ್ತಿ ಹೇಳುತ್ತೇನೆ. ನಿಮ್ಮಲ್ಲಿ ಕೆಲವರು ನಾಳೆ ಸ್ಕಾಲರ್‌ಗಳಾಗುತ್ತೀರಿ, ಮುಂದೆ ಗೈಡ್ ಆಗುತ್ತೀರಿ.

ಈ ಜಿಲ್ಲೆಯವನೇ ಆದ ಒಬ್ಬ ಹುಡುಗ ನನ್ನ ಹತ್ತಿರ ಪಿಎಚ್.ಡಿ.ಗೆ ಸೇರಿದ. ಅವರ ಊರಲ್ಲಿ ಆಲೆಮನೆ ಇದೆ. ಅವನ ವಿಷಯ, ಕಬ್ಬಿನ ಸಿಪ್ಪೆಯಿಂದ ಇಂಗಾಲ ಮಾಡಿ ಸೂಪರ್‌ಕೆಪ್ಯಾಸಿಟರ್‌ಗೆ ಎಲೆಕ್ಟ್ರೋಡ್ ತಯಾರಿಸುವುದು. ಸೂಪರ್‌ಕೆಪ್ಯಾಸಿಟರ್ ಅಂದರೆ ಬ್ಯಾಟರಿಯ ಹತ್ತಿರದ ನೆಂಟ. ಬ್ಯಾಟರಿಗಿಂತ ಕಡಿಮೆ ಚಾರ್ಜ್ ಹಿಡಿಯುತ್ತದೆ, ಆದರೆ ಕ್ಷಣದಲ್ಲಿ ತುಂಬಿಕೊಳ್ಳುತ್ತದೆ, ಕ್ಷಣದಲ್ಲಿ ಕೊಡುತ್ತದೆ. ಸಿಪ್ಪೆಯನ್ನು ತೊಳೆದು, ಒಣಗಿಸಿ, ಪುಡಿ ಮಾಡಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ (ಕೆಓಎಚ್) ಬೆರೆಸಿ, ನೈಟ್ರೋಜನ್ ಹರಿಸುತ್ತಾ ಕೊಳವೆ ಕುಲುಮೆಯಲ್ಲಿ 700ರಿಂದ 800 ಡಿಗ್ರಿವರೆಗೆ ಸುಡುತ್ತೇವೆ. ಗಾಳಿ ಹೊಕ್ಕರೆ ಬೂದಿಯಾಗುತ್ತದೆ. ಹೊಗದೆ ಇದ್ದರೆ ತೂತು ತೂತಾದ ಇಂಗಾಲ ಸಿಗುತ್ತದೆ. ಚೆನ್ನಾಗಿ ಮಾಡಿದರೆ ಒಂದು ಗ್ರಾಂ ಪುಡಿಯ ಒಳಮೈ 1000 ಚದರ ಮೀಟರ್ ದಾಟುತ್ತದೆ. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಹತ್ತು ಗುಂಟೆ ಜಮೀನು. ಒಂದು ಚಿಟಿಕೆ ಪುಡಿಯೊಳಗೆ ಹತ್ತು ಗುಂಟೆ! ಆ ಜಮೀನಿನ ತುಂಬ ಅಯಾನುಗಳು, ಅಂದರೆ ದ್ರಾವಣದಲ್ಲಿರುವ ಚಾರ್ಜ್ ಹೊತ್ತ ಕಣಗಳು, ಬಂದು ಕೂರುತ್ತವೆ, ಹೋಗುತ್ತವೆ. ಚಾರ್ಜ್ ಹಿಡಿಯುವುದು ಅಂದರೆ ಅಷ್ಟೇ.

ಸಿಪ್ಪೆಯ ಬಗ್ಗೆ ಅವನಿಗೆ ನನಗಿಂತ ಜಾಸ್ತಿ ಗೊತ್ತಿತ್ತು. ಆಲೆಮನೆಯ ಒಲೆಗೆ ಹಸಿ ಸಿಪ್ಪೆ ಹಾಕಿದರೆ ಹೊಗೆ, ಎರಡು ಮೂರು ಬಿಸಿಲು ಕಂಡ ಸಿಪ್ಪೆ ಹಾಕಿದರೆ ಉರಿ. ಇದು ಅವನಿಗೆ ಚಿಕ್ಕಂದಿನಿಂದ ಗೊತ್ತು. ಯಾವ ಸಿಪ್ಪೆ ಆರಿಸಬೇಕು ಅಂತ ಕೈಯಲ್ಲಿ ಹಿಂಡಿ ನೋಡಿ ಹೇಳುತ್ತಿದ್ದ.

ಮೊದಲ ಆರು ತಿಂಗಳು ಕೆಲಸ ಹೂವಿನ ಹಾಗೆ ಸಾಗಿತು. ಸೂಪರ್‌ಕೆಪ್ಯಾಸಿಟರ್‌ನ ಗ್ರಾಫ್ ಫೆರಿಸಯನೈಡ್ ಗ್ರಾಫಿನ ಹಾಗೆ ಪೀಕ್ ಪೀಕ್ ಇರುವುದಿಲ್ಲ. ಚೌಕಾಕಾರ, ಒಂದು ಡಬ್ಬಿಯ ಹಾಗಿರುತ್ತದೆ. ಡಬ್ಬಿ ಎಷ್ಟು ಚೊಕ್ಕ ಇದ್ದರೆ ಅಷ್ಟು ಒಳ್ಳೆಯದು. ಅವನು ವಾರಕ್ಕೊಮ್ಮೆ ನನ್ನ ರೂಮಿಗೆ ಬಂದು ಒಂದು ಚೊಕ್ಕ ಡಬ್ಬಿ ತೋರಿಸಿ ಹೋಗುತ್ತಿದ್ದ. ನಾನು "ಗುಡ್, ಮುಂದುವರಿಸು" ಅನ್ನುತ್ತಿದ್ದೆ. ಬಂದ ಹೊಸದರಲ್ಲಿ ಒಮ್ಮೆ ಮಾತ್ರ ಅವನು ಸೊಟ್ಟ ಡಬ್ಬಿ ತಂದಿದ್ದ. ಒಂದು ಮೂಲೆಯಲ್ಲಿ ಗೆರೆ ಮೇಲಕ್ಕೆ ಎದ್ದು ಬಾಲದ ಹಾಗಿತ್ತು. ಅವತ್ತು ಮೀಟಿಂಗಿಗೆ ಹೊತ್ತಾಗುತ್ತಿತ್ತು. ತಲೆ ಎತ್ತದೆ "ಇದು ಸರಿ ಇಲ್ಲ, ಮತ್ತೆ ಮಾಡು" ಅಂದಿದ್ದೆ. ಐದು ಪದ. ನನಗೆ ಮರೆತೇ ಹೋಗಿತ್ತು.

ಮನೆಯಲ್ಲಿ ತನ್ನ ಒಡಹುಟ್ಟಿದ ಅಕ್ಕನ ಮದುವೆ ಅಂತ ಅವನು ಒಂದು ವಾರ ಊರಿಗೆ ಹೋದ. ನನಗೆ ಒಂದು ರೀಡಿಂಗ್ ತುರ್ತಾಗಿ ಬೇಕಾಯಿತು. ಫೋನ್ ಮಾಡಿದೆ. ಹಿಂದೆ ವಾಲಗದ ಸದ್ದು. "ಡ್ರಾಯರ್‌ನಲ್ಲಿ ಪುಸ್ತಕ ಇದೆ ಮೇಡಂ" ಅಂದ. ಡ್ರಾಯರ್‌ನಲ್ಲಿ ಎರಡು ಪುಸ್ತಕ ಇದ್ದವು. ಒಂದು ಇಂಗ್ಲಿಷಿನದು, ನನಗೆ ತೋರಿಸುತ್ತಿದ್ದದ್ದು. ಇನ್ನೊಂದು ಸಾಮಾನ್ಯ ಬರವಣಿಗೆ ಪುಸ್ತಕ, ಕನ್ನಡದ್ದು. ಕೈಗೆ ಸಿಕ್ಕಿದ್ದು ಕನ್ನಡದ್ದೇ. ತೆರೆದೆ. ಒಂದು ಪುಟ ಹೀಗಿತ್ತು:

"ಮಂಗಳವಾರ. ಬೆಳಗ್ಗೆ ಡಬ್ಬಿ ಚೆನ್ನಾಗಿತ್ತು. ಮಧ್ಯಾಹ್ನ ಬಾಲ ಬಂತು. ಎಲೆಕ್ಟ್ರೋಡ್ ಬದಲಿಸಿದೆ, ಬಾಲ ಹೋಗಲಿಲ್ಲ. ಬೀಕರ್ ತೊಳೆದು ಇಟ್ಟೆ, ಹೋಗಲಿಲ್ಲ. ಹೊಸ ಕೆಓಎಚ್ ಮಾಡಿದೆ, ಹೋಗಲಿಲ್ಲ. ವೈರ್ ಬದಲಿಸಿದೆ, ಹೋಗಲಿಲ್ಲ. ನನ್ನ ಕೈಯೇ ಸರಿ ಇಲ್ಲ ಅನ್ನಿಸುತ್ತೆ."

ಪುಟ ತಿರುಗಿಸಿದರೆ ಮತ್ತೆ ಬಾಲ. ಮತ್ತೆ ಬಾಲ. ಕಂಪ್ಯೂಟರ್ ತೆರೆದು ನೋಡಿದೆ. ಒಂದು ದಿನದಲ್ಲಿ ಹನ್ನೊಂದು ಸಲ ಓಡಿಸಿದ್ದಾನೆ. ನನ್ನ ಹತ್ತಿರ ಬಂದಿದ್ದು ಏಳನೆಯದು ಮಾತ್ರ. ಮೋಸ ಮಾಡುವ ಉದ್ದೇಶ ಅವನಿಗೆ ಇರಲಿಲ್ಲ. ಕೆಟ್ಟದ್ದನ್ನು ತನ್ನ ತಪ್ಪು ಅಂದುಕೊಂಡ, ಒಳ್ಳೆಯದನ್ನು ನನಗೆ ಕೊಟ್ಟ. ಹನ್ನೊಂದರಲ್ಲಿ ಒಂದನ್ನು ಆರಿಸಿ ಪೇಪರಿಗೆ ಹಾಕಿದರೆ ಅದು ಸುಳ್ಳೇ ಆಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನನ್ನು ಆ ಸುಳ್ಳಿನ ಬಾಗಿಲಿಗೆ ತಂದು ನಿಲ್ಲಿಸಿದ್ದು ನನ್ನ ಐದು ಪದ.

ಇನ್ನೊಂದು ವಿಷಯ ನೋಡಿ. ಆ ಪುಟದಲ್ಲಿ ಎಷ್ಟು ಒಳ್ಳೆಯ ವಿಜ್ಞಾನ ಇದೆ! ಒಂದು ಸಲಕ್ಕೆ ಒಂದೇ ಬದಲಾವಣೆ. ಎಲೆಕ್ಟ್ರೋಡ್, ಬೀಕರ್, ದ್ರಾವಣ, ವೈರ್. ಎಲ್ಲ ನೋಡಿದ್ದಾನೆ. ಮುಟ್ಟದೆ ಬಿಟ್ಟಿದ್ದು ಒಂದನ್ನೇ, ರೆಫರೆನ್ಸ್ ಎಲೆಕ್ಟ್ರೋಡ್. ಯಾಕೆ ಗೊತ್ತಾ? ಅದು ನಾನು ಕೊಟ್ಟಿದ್ದು. ಮೇಡಂ ಕೊಟ್ಟಿದ್ದು ಕೆಟ್ಟಿರೋಕೆ ಸಾಧ್ಯವಿಲ್ಲ ಅಂತ ಅವನ ನಂಬಿಕೆ.

ರೆಫರೆನ್ಸ್ ಅಂದರೇನು ಅಂತ ಮಂಡ್ಯದವರಿಗೆ ಹೇಳುವುದು ಸುಲಭ. ಕೆಆರ್‌ಎಸ್ ಮಟ್ಟವನ್ನು ದಿನಾ ಪೇಪರಿನಲ್ಲಿ ನೋಡುತ್ತೀರಿ. ಗರಿಷ್ಠ ಮಟ್ಟ 124.80 ಅಡಿ. ನೀರು ಎಷ್ಟಿದೆ ಅಂತ ಹೇಳೋಕೆ ಒಂದು ಗುರುತು ಹಾಕಿದ ಅಳತೆಪಟ್ಟಿ ಬೇಕು, ಅದು ಅಲುಗಾಡಬಾರದು. ಅಳತೆಪಟ್ಟಿಯೇ ದಿನಾ ಒಂದಿಷ್ಟು ಕುಸಿದರೆ? ನೀರು ಇದ್ದಷ್ಟೇ ಇದ್ದರೂ ಪೇಪರಿನಲ್ಲಿ ಮಟ್ಟ ಏರಿದ ಹಾಗೆ ಬರುತ್ತದೆ. ವೋಲ್ಟೇಜೂ ಹಾಗೇ. ಒಂಟಿಯಾಗಿ ಅದನ್ನು ಅಳೆಯೋಕೆ ಬರುವುದಿಲ್ಲ, ಯಾವುದಾದರೂ ಒಂದರ ಎದುರು ಅಳೆಯಬೇಕು. ಆ ಒಂದು ಅಲುಗಾಡದೆ ನಿಲ್ಲಬೇಕು. ಅದೇ ರೆಫರೆನ್ಸ್.

ನಾನು ಕೊಟ್ಟಿದ್ದು ಸಿಲ್ವರ್-ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡ್. ಬೆಳ್ಳಿಯ ತಂತಿ, ಮೇಲೆ ಸಿಲ್ವರ್ ಕ್ಲೋರೈಡ್ ಪದರ, ಸುತ್ತ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ, ತುದಿಯಲ್ಲಿ ಸಣ್ಣ ರಂಧ್ರಗಳ ಬಿರಡೆ. ಸಾಧಾರಣ ದ್ರಾವಣಗಳಲ್ಲಿ ಅದು ಬಂಡೆಯ ಹಾಗೆ ನಿಲ್ಲುತ್ತದೆ. ಆದರೆ ನಾವು ಕೆಲಸ ಮಾಡುತ್ತಿದ್ದದ್ದು 6 ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ. ಅದು ಉಗ್ರ ಕ್ಷಾರ. ದಿನಗಟ್ಟಲೆ ಅದರಲ್ಲಿ ಅದ್ದಿದರೆ ಹೈಡ್ರಾಕ್ಸೈಡ್ ಬಿರಡೆಯೊಳಗಿಂದ ನುಸುಳಿ ಬೆಳ್ಳಿಯ ಹತ್ತಿರ ಹೋಗುತ್ತದೆ, ಒಳಗಿನ ಕ್ಲೋರೈಡ್ ಹೊರಗೆ ಸೋರುತ್ತದೆ, ಸಿಲ್ವರ್ ಆಕ್ಸೈಡ್ ಕಟ್ಟಿಕೊಳ್ಳುತ್ತದೆ. ಅಳತೆಪಟ್ಟಿ ಜಾರತೊಡಗುತ್ತದೆ. ನಾವು ನಿಲ್ಲಿಸಬೇಕಾದ ವೋಲ್ಟೇಜ್ ದಾಟಿ ಸ್ಕ್ಯಾನ್ ಮುಂದೆ ಹೋಗುತ್ತದೆ, ಅಲ್ಲಿ ಬೇರೆ ರಿಯಾಕ್ಷನ್ ಶುರುವಾಗುತ್ತದೆ, ಗೆರೆ ಮೇಲೇಳುತ್ತದೆ. ಅದೇ ಬಾಲ. ಕ್ಷಾರದಲ್ಲಿ ಕೆಲಸ ಮಾಡುವವರು ಮರ್ಕ್ಯುರಿ-ಮರ್ಕ್ಯುರಿಕ್ ಆಕ್ಸೈಡ್ ರೆಫರೆನ್ಸ್ ಬಳಸಬೇಕು. ಇದು ನನಗೆ ಗೊತ್ತಿತ್ತು. ನಾನೇ ಪಾಠ ಮಾಡಿದ್ದೇನೆ. ಆದರೆ ಲ್ಯಾಬಿನಲ್ಲಿ ಇದ್ದದ್ದು ಅದೊಂದೇ, "ಸದ್ಯಕ್ಕೆ ಇದರಲ್ಲಿ ಮಾಡು" ಅಂದಿದ್ದೆ. ಆ ಸದ್ಯ ಆರು ತಿಂಗಳಾಗಿತ್ತು.

ಮದುವೆ ಮುಗಿಸಿ ಅವನು ಬಂದ. ಲಾಡು, ಚಕ್ಕುಲಿ ತಂದಿದ್ದ. ಕನ್ನಡದ ಪುಸ್ತಕ ನನ್ನ ಮೇಜಿನ ಮೇಲೆ ನೋಡಿ ಮುಖ ಬಿಳುಚಿಕೊಂಡಿತು. ನಾನು ಲ್ಯಾಬಿನಲ್ಲಿ ಮಾತಾಡಲಿಲ್ಲ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು ಹೋಗಿಬರೋಣ ಬಾ ಅಂದೆ. ಅರ್ಧ ಏರಿ ನಡೆಯುವವರೆಗೆ ಇಬ್ಬರೂ ಸುಮ್ನಿದ್ದೆವು. ಆಮೇಲೆ ನಾನು ಹೇಳಿದೆ, "ತಪ್ಪು ನಂದು ಕಣಪ್ಪ. ನಿನ್ನ ಕೈ ಸರಿ ಇದೆ. ನಾನು ಕೊಟ್ಟ ರೆಫರೆನ್ಸ್ ಸರಿ ಇರಲಿಲ್ಲ." ಅವನು ತಕ್ಷಣ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ "ಹಾಗಾದ್ರೆ ಆರು ತಿಂಗಳದ್ದೂ ಮತ್ತೆ ಮಾಡ್ಬೇಕಾ ಮೇಡಂ?" ಅಂತ ಕೇಳಿದ. ಹೌದು ಅಂದೆ. ಮಾಡಿದ. ನಾನೂ ಸಂಜೆ ಹೊತ್ತು ಸ್ಟೂಲ್ ಎಳೆದುಕೊಂಡು ಕೂತೆ.

ಅವತ್ತಿನಿಂದ ನಮ್ಮಲ್ಲಿ ಕೆಲವು ಅಭ್ಯಾಸ ಬದಲಾದವು. ಒಬ್ಬರಿಗೆ ಒಂದೇ ಪುಸ್ತಕ. ಯಾವ ಭಾಷೆಯಲ್ಲಾದರೂ ಬರೆಯಲಿ. ಥೀಸಿಸ್ ಇಂಗ್ಲಿಷಿನಲ್ಲಿ ಬರೆಯುವುದು ಇದ್ದೇ ಇದೆ, ಆದರೆ ಕಣ್ಣಿಗೆ ಕಂಡದ್ದನ್ನು ಕಂಡ ಕ್ಷಣ ಬರೆಯೋಕೆ ಬಾಯಿಗೆ ಬರುವ ಭಾಷೆಯೇ ಬೇಕು. "ಬಾಲ ಬಂತು" ಅನ್ನುವ ಎರಡು ಪದದಲ್ಲಿ ಇದ್ದ ಮಾಹಿತಿ ಅವನ ಇಂಗ್ಲಿಷ್ ಪುಸ್ತಕದ ಅರವತ್ತು ಪುಟದಲ್ಲಿ ಇರಲಿಲ್ಲ. ಈಗ ನಮ್ಮ ಲ್ಯಾಬಿನಲ್ಲಿ ಎಲ್ಲರೂ ಅದಕ್ಕೆ ಬಾಲ ಅಂತಲೇ ಹೇಳುವುದು. ಆಮೇಲೆ, ಒಂದು ಒಳ್ಳೆಯ ರೆಫರೆನ್ಸ್ ಎಲೆಕ್ಟ್ರೋಡನ್ನು ಯಾವ ಪ್ರಯೋಗಕ್ಕೂ ಬಳಸದೆ ಎತ್ತಿಟ್ಟಿದ್ದೇವೆ. ಸೋಮವಾರ ಬೆಳಗ್ಗೆ ದಿನ ಬಳಕೆಯ ರೆಫರೆನ್ಸನ್ನೂ ಅದನ್ನೂ ಒಂದೇ ಬೀಕರಿನ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಇಳಿಸಿ ಮಲ್ಟಿಮೀಟರ್ ಹಚ್ಚುತ್ತೇವೆ. ಎರಡೂ ಒಂದೇ ಜಾತಿಯವಾದರೆ ವ್ಯತ್ಯಾಸ ಕೆಲವು ಮಿಲಿವೋಲ್ಟ್ ಒಳಗಿರಬೇಕು. ಎರಡು ನಿಮಿಷದ ಕೆಲಸ. ಜೂನಿಯರ್‌ಗಳೇ ಮಾಡುತ್ತಾರೆ, ನಾನು ತಂದ ಎಲೆಕ್ಟ್ರೋಡನ್ನೂ ಬಿಡುವುದಿಲ್ಲ. ಮತ್ತೆ, ವಾರದ ಮೀಟಿಂಗಿನಲ್ಲಿ ಎಲ್ಲರೂ ಮೊದಲು ತಮ್ಮ ಕೆಟ್ಟ ಗ್ರಾಫ್ ತೋರಿಸಬೇಕು. ಮೊದಲನೆಯದು ನನ್ನದು.

ಹೀಗೆ ಕೆಟ್ಟದ್ದರಿಂದಲೇ ದಾರಿ ತೆರೆದ ಒಂದು ಪ್ರಸಂಗ ನಮ್ಮ ವಿಷಯದ ಚರಿತ್ರೆಯಲ್ಲೇ ಇದೆ. 1922ರಲ್ಲಿ ಪ್ರಾಗ್‌ನಲ್ಲಿ ಹೇರೋವ್ಸ್ಕಿ ಅನ್ನುವವರು ಪಾದರಸದ ಹನಿಯನ್ನೇ ಎಲೆಕ್ಟ್ರೋಡ್ ಮಾಡಿ ಪೋಲರೋಗ್ರಫಿ, ಅಂದರೆ ದ್ರಾವಣದಲ್ಲಿ ಏನು ಎಷ್ಟಿದೆ ಅಂತ ಕರೆಂಟ್ ಅಳೆದು ಹೇಳುವ ವಿಧಾನ, ಕಂಡುಹಿಡಿದರು. ಪ್ರತಿ ಹನಿಗೂ ಹೊಸ ಮುಖ, ಉಜ್ಜುವ ಗೋಜೇ ಇಲ್ಲ. 1959ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಪಾದರಸವನ್ನು ಪಾಸಿಟಿವ್ ಕಡೆ ಒಯ್ದರೆ ಅದೇ ಕರಗಿಹೋಗುತ್ತದೆ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ರಾಲ್ಫ್ ಆಡಮ್ಸ್ ಅನ್ನುವ ಪ್ರೊಫೆಸರ್, ಪಾದರಸದ ಬದಲು ಇಂಗಾಲವನ್ನು ಎಣ್ಣೆಯಂಥ ದ್ರವದಲ್ಲಿ ಕಲಸಿ ಹನಿ ಹನಿಯಾಗಿ ಬೀಳಿಸೋಣ ಅಂತ ವಿದ್ಯಾರ್ಥಿಯ ಜೊತೆ ಪ್ರಯತ್ನ ಪಟ್ಟರು. ಹನಿ ಬೀಳಲಿಲ್ಲ, ಆ ಯೋಜನೆ ಕೈಕೊಟ್ಟಿತು. ಆದರೆ ಕೈಯಲ್ಲಿ ಉಳಿದ ಗಟ್ಟಿ ಮುದ್ದೆಯನ್ನು ಅವರು ಎಸೆಯಲಿಲ್ಲ. ಅದನ್ನೇ ಎಲೆಕ್ಟ್ರೋಡ್ ಮಾಡಿಕೊಂಡರು. 1958ರಲ್ಲಿ ಕಾರ್ಬನ್ ಪೇಸ್ಟ್ ಎಲೆಕ್ಟ್ರೋಡ್ ಬಂದದ್ದು ಹೀಗೆ. ಗ್ರಾಫೈಟ್ ಪುಡಿ, ಸಿಲಿಕೋನ್ ಎಣ್ಣೆ, ಕಲಸೋಕೆ ಒಂದು ಒರಳು, ತುಂಬೋಕೆ ಟೆಫ್ಲಾನ್ ಕೊಳವೆ, ಮುಖ ಸಾಪು ಮಾಡೋಕೆ ಒಂದು ಚೂರು ಹಾಳೆ. ಕಾಸಿಲ್ಲದ ಲ್ಯಾಬಿಗೆ ಇದಕ್ಕಿಂತ ಒಳ್ಳೆಯ ಸಂಗಾತಿ ಇಲ್ಲ. ಚಪಾತಿ ಹಿಟ್ಟು ಕಲಸಿ ಗೊತ್ತಿರುವವರಿಗೆ ಹದ ಬೇಗ ಸಿಗುತ್ತದೆ, ಇದು ನಾನು ಕಣ್ಣಾರೆ ಕಂಡದ್ದು.

ಗುರು ಶಿಷ್ಯರ ಮಾತು ಬಂದಾಗ ಫ್ಯಾರಡೆಯನ್ನು ಬಿಡೋಕೆ ಆಗುವುದಿಲ್ಲ. ಕಮ್ಮಾರನ ಮಗ, ಪುಸ್ತಕ ಬೈಂಡಿಂಗ್ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. 1812ರಲ್ಲಿ ಲಂಡನ್ನಿನಲ್ಲಿ ಹೆಸರಾಂತ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸ ಕೇಳಿ, ನೋಟ್ಸ್ ಬರೆದು, ತಾನೇ ಬೈಂಡ್ ಮಾಡಿ ಅವರಿಗೇ ಕಳಿಸಿದ. ಮುಂದಿನ ವರ್ಷ ಡೇವಿ ಅವನನ್ನು ಸಹಾಯಕನಾಗಿ ಸೇರಿಸಿಕೊಂಡರು. ಇಷ್ಟು ಕಥೆ ಎಲ್ಲರಿಗೂ ಗೊತ್ತು. ಉಳಿದರ್ಧ ಜಾಸ್ತಿ ಜನ ಹೇಳುವುದಿಲ್ಲ. ಶಿಷ್ಯ ಬೆಳೆದ ಮೇಲೆ ಗುರುವಿಗೆ ಅದನ್ನು ತಾಳಿಕೊಳ್ಳೋಕೆ ಆಗಲಿಲ್ಲ. 1824ರಲ್ಲಿ ಫ್ಯಾರಡೆಯನ್ನು ಬ್ರಿಟನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಆರಿಸುವಾಗ ಅದರ ಅಧ್ಯಕ್ಷರಾಗಿದ್ದ ಡೇವಿ ವಿರೋಧಿಸಿದರು. ಆದರೂ ಫ್ಯಾರಡೆ ಆಯ್ಕೆಯಾದರು. ಹತ್ತು ವರ್ಷದೊಳಗೆ ಅವರು ಕೊಟ್ಟ ಎಲೆಕ್ಟ್ರಾಲಿಸಿಸ್ ನಿಯಮಗಳನ್ನೇ ನಾವು ಇವತ್ತೂ ಪಾಠ ಮಾಡುತ್ತೇವೆ. ಬಾಗಿಲು ತೆರೆದ ಕೈಯೇ ಮುಂದೊಂದು ದಿನ ಬಾಗಿಲಿಗೆ ಅಡ್ಡ ಬರಬಹುದು. ಗೈಡ್ ಆದವರು ಈ ಅರ್ಧ ಕಥೆಯನ್ನು ಮರೆಯಬಾರದು.

ಇದಕ್ಕೆ ತಿರುಗಾದ ಉದಾಹರಣೆಯೂ ಇದೆ. ಅಮೆರಿಕದ ಅಲೆನ್ ಬಾರ್ಡ್ 1958ರಿಂದ ಟೆಕ್ಸಾಸ್‌ನಲ್ಲಿ ಪಾಠ ಮಾಡಿದವರು. ಜಗತ್ತಿನ ಎಲೆಕ್ಟ್ರೋಕೆಮಿಸ್ಟ್ರಿ ವಿದ್ಯಾರ್ಥಿಗಳೆಲ್ಲ ಓದುವ ಪಠ್ಯವನ್ನು 1980ರಲ್ಲಿ ತಂದಾಗ ಅವರು ಒಬ್ಬರೇ ಬರೆಯಲಿಲ್ಲ. ಜೊತೆಗೆ ಬರೆದ ಲ್ಯಾರಿ ಫಾಕ್ನರ್ ಅವರದೇ ಶಿಷ್ಯ. ಮುಖಪುಟದಲ್ಲಿ ಇಬ್ಬರ ಹೆಸರೂ ಜೊತೆಜೊತೆಗೆ ಇದೆ.

ಇನ್ನು ನಮ್ಮ ಕಡೆಯ ವಾಸ್ತವ. ಯುಜಿಸಿಯ 2022ರ ನಿಯಮದಂತೆ ಪ್ರೊಫೆಸರ್ ಒಬ್ಬರು ಒಂದು ಹೊತ್ತಿಗೆ 8 ಪಿಎಚ್.ಡಿ. ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಬಹುದು, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4. ಎಷ್ಟು ಜನ ಅನ್ನುವುದು ನಿಯಮದಲ್ಲಿದೆ. ಒಬ್ಬೊಬ್ಬರ ಪಕ್ಕ ವಾರಕ್ಕೆ ಎಷ್ಟು ಹೊತ್ತು ಕೂರಬೇಕು ಅನ್ನುವುದು ಗೈಡ್‌ನ ಮನಸ್ಸಿಗೆ ಬಿಟ್ಟದ್ದು. ಎಂಟು ಜನ ಇದ್ದಾಗ ನಾನು ಯಾರ ಪಕ್ಕವೂ ಸರಿಯಾಗಿ ಕೂತಿಲ್ಲ. ಈಗ ನಾಲ್ಕರ ಮೇಲೆ ತೆಗೆದುಕೊಳ್ಳುವುದಿಲ್ಲ.

ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಅನ್ನುವ ರಿಸರ್ಚ್ ಫೆಲೋಶಿಪ್ ಸಿಕ್ಕಿದವರಿಗೆ ತಿಂಗಳಿಗೆ 37,000 ರೂಪಾಯಿ, 2023ರಿಂದ. ಎಲ್ಲರಿಗೂ ಅದು ಸಿಗುವುದಿಲ್ಲ. ಸಿಗದವರು ಬೆಳಗ್ಗೆ ಯಾವುದೋ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಿ ಪಾಠ ಮಾಡಿ, ಮಧ್ಯಾಹ್ನ ಲ್ಯಾಬಿಗೆ ಬರುತ್ತಾರೆ. ಬುತ್ತಿ ಬಿಚ್ಚುವ ಹೊತ್ತಿಗೆ ಎರಡೂವರೆ. ನಿಮ್ಮೂರಿಂದ ದಿನಾ ರೈಲಿನಲ್ಲಿ ಮೈಸೂರಿಗೆ ಓಡಾಡುವ ಹುಡುಗಿಯರಿದ್ದಾರೆ. ಸೂಪರ್‌ಕೆಪ್ಯಾಸಿಟರ್‌ಗೆ ಸಾವಿರಾರು ಸಲ ಚಾರ್ಜ್ ಡಿಸ್ಚಾರ್ಜ್ ಮಾಡಿ ನೋಡಬೇಕು, ಗಂಟೆಗಟ್ಟಲೆ ಹಿಡಿಯುತ್ತದೆ. ಮಧ್ಯಾಹ್ನ ಮೂರಕ್ಕೆ ಶುರುಮಾಡಿದರೆ ಅವಳಿಗೆ ಸಂಜೆ ರೈಲು ತಪ್ಪುತ್ತದೆ, ಮನೆಯಲ್ಲಿ ತಾಯಿಗೆ ಎದೆ ಹೊಡೆದುಕೊಳ್ಳುತ್ತದೆ. ಹಾಗಾಗಿ ಉದ್ದದ ಪ್ರಯೋಗಗಳನ್ನು ಅವಳು ಹಚ್ಚಿ ಹೋಗುತ್ತಾಳೆ, ಹಾಸ್ಟೆಲಿನಲ್ಲಿ ಇರುವ ಇನ್ನೊಬ್ಬ ನೋಡಿಕೊಳ್ಳುತ್ತಾನೆ. ಅವನ ಬೆಳಗಿನ ಕೆಲಸಕ್ಕೆ ಅವಳು ದ್ರಾವಣ ಮಾಡಿಡುತ್ತಾಳೆ. ಇದನ್ನು ಹೊಂದಿಸಿಕೊಡುವುದು ಗೈಡ್‌ನ ಕೆಲಸ. ಮೆಂಟರ್‌ಶಿಪ್ ಅಂದರೆ ದೊಡ್ಡ ದೊಡ್ಡ ಸಲಹೆ ಕೊಡುವುದು ಅಂತ ನಾನೂ ಅಂದುಕೊಂಡಿದ್ದೆ. ಅದರಲ್ಲಿ ರೈಲಿನ ಟೈಮ್ ಟೇಬಲ್ಲೂ ಸೇರಿದೆ.

ಇಲ್ಲಿ ಕೂತಿರುವ ಬಿ.ಎಸ್ಸಿ.ಯವರಿಗೆ ಒಂದೆರಡು ಉಪಯೋಗದ ಮಾತು. ರಿಸರ್ಚ್ ಅಂದರೆ ಎಂ.ಎಸ್ಸಿ. ಆದ ಮೇಲೆ ಅಂತ ಕಾಯಬೇಡಿ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆಯಲ್ಲಿ ಎರಡು ತಿಂಗಳ ರಿಸರ್ಚ್ ಫೆಲೋಶಿಪ್ ಕೊಡುತ್ತವೆ, ಹುಡುಕಿ ಅರ್ಜಿ ಹಾಕಿ. ಎಲೆಕ್ಟ್ರೋಕೆಮಿಸ್ಟ್ರಿಗೆಂದೇ ತಮಿಳುನಾಡಿನ ಕಾರೈಕುಡಿಯಲ್ಲಿ ಒಂದು ದೊಡ್ಡ ಕೇಂದ್ರ ಸಂಸ್ಥೆ ಇದೆ, 1953ರಿಂದ ನಡೆಯುತ್ತಿದೆ. ಭಾರತರತ್ನ ಸಿ.ಎನ್.ಆರ್. ರಾವ್ ಅವರು 1951ರಲ್ಲಿ ಬಿ.ಎಸ್ಸಿ. ಮುಗಿಸಿದ್ದು ಮೈಸೂರು ವಿಶ್ವವಿದ್ಯಾಲಯದಿಂದ. ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು, ಅದು ನಿಮ್ಮ ಜಿಲ್ಲೆಯದೇ ನೀರು. ದೊಡ್ಡ ವಿಜ್ಞಾನ ಎಲ್ಲೋ ದೂರದಲ್ಲಿ ನಡೆಯುತ್ತದೆ ಅನ್ನುವ ಹಿಂಜರಿಕೆ ನಿಮಗೆ ಬೇಡ.

ಗೈಡ್ ಹುಡುಕುವಾಗ ಅವರ ಪೇಪರ್ ಲಿಸ್ಟ್ ನೋಡಿ, ಬೇಡ ಅನ್ನುವುದಿಲ್ಲ. ಜೊತೆಗೆ ಇನ್ನೊಂದು ಕೆಲಸ ಮಾಡಿ. ಅವರು ಇಲ್ಲದ ಹೊತ್ತಿನಲ್ಲಿ ಲ್ಯಾಬಿಗೆ ಹೋಗಿ. ಅಲ್ಲಿರುವ ಅಕ್ಕನನ್ನೋ ಅಣ್ಣನನ್ನೋ ಟೀಗೆ ಕರೆಯಿರಿ. "ನಿಮ್ಮ ಕೆಟ್ಟ ರೀಡಿಂಗ್ ಬಂದಾಗ ಸರ್ ಏನಂತಾರೆ?" ಅಂತ ಕೇಳಿ. ಅವರು ಬಾಯಿ ಬಿಡುವ ಮುಂಚೆ ಮುಖ ನೋಡಿ.

ಪ್ರಶ್ನೆಗಳಿಗೆ ಸಮಯ ಇಟ್ಟಿದ್ದೆವು. ಮೊದಲು ಎದ್ದವಳು ಕೇಳಿದ್ದು, "ಮೇಡಂ, ನಾವು ಕೆಟ್ಟದ್ದು ತೋರಿಸಿದಾಗ ಗೈಡ್ ಬೈದ್ರೆ?" ನಾನು ಹೇಳಿದೆ, ಒಂದೇ ಗ್ರಾಫ್ ತಗೊಂಡು ಹೋಗಬೇಡ, ಮೂರು ತಗೊಂಡು ಹೋಗು. ಏನೇನು ಬದಲಿಸಿ ನೋಡಿದೆ ಅಂತ ಪಕ್ಕದಲ್ಲಿ ಬರೆದುಕೊಂಡು ಹೋಗು. ಆಗ ಬೈಯುವುದು ಕಷ್ಟ. ಅಷ್ಟಾದರೂ ಬೈದರೆ ಇನ್ನೊಬ್ಬರು ಮೇಷ್ಟ್ರಿಗೆ ತೋರಿಸು. ಅಳಿಸಬೇಡ, ಅದೊಂದು ಮಾತ್ರ ಮಾಡಬೇಡ.

ಇನ್ನೊಬ್ಬ ತೂಕದ ಬಗ್ಗೆ ಕೇಳಿದ. ಒಳ್ಳೆಯ ಪ್ರಶ್ನೆ. ಎಲೆಕ್ಟ್ರೋಡ್ ಮೇಲೆ ನಾವು ಹಚ್ಚುವ ಇಂಗಾಲ 3 ಮಿಲಿಗ್ರಾಂ ಇದ್ದರೆ ಹೆಚ್ಚು. ತೂಗುವಾಗ 0.3 ಮಿಲಿಗ್ರಾಂ ತಪ್ಪಿದರೆ, ಒಂದು ಗ್ರಾಂ ಇಂಗಾಲ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಉತ್ತರ ಸುಮಾರು ಶೇಕಡಾ 10 ತಪ್ಪುತ್ತದೆ. ಫ್ಯಾನ್ ಆರಿಸಿ, ತಕ್ಕಡಿಯ ಬಾಗಿಲು ಮುಚ್ಚಿ, ಮೂರು ಸಲ ತೂಗಿ, ಮೂರನ್ನೂ ಬರೆಯಿರಿ.

ಅಷ್ಟರಲ್ಲಿ ಎಲೆಕ್ಟ್ರೋಡ್ ಹಿಂದಿನ ಸಾಲು ಮುಟ್ಟಿ ವಾಪಸ್ ಬಂತು. ತಂದುಕೊಟ್ಟ ಹುಡುಗ ಹೋಗದೆ ಅಲ್ಲೇ ನಿಂತ. ಬಿ.ಎಸ್ಸಿ. ಎರಡನೇ ವರ್ಷ ಅಂತೆ. "ಮೇಡಂ, ಕಬ್ಬಿನ ಸಿಪ್ಪೆ ಬದ್ಲು ಭತ್ತದ ಹೊಟ್ಟಲ್ಲಿ ಆಗಲ್ವಾ? ನಮ್ಮನೇಲಿ ಅದು ಬೇಕಾದಷ್ಟಿದೆ" ಅಂದ. ಆಗುತ್ತೆ, ಆದರೆ ಹೊಟ್ಟು ಸುಟ್ಟರೆ ನೂರಕ್ಕೆ ಸುಮಾರು ಇಪ್ಪತ್ತು ಪಾಲು ಬೂದಿ ಉಳಿಯುತ್ತೆ, ಅದರಲ್ಲಿ ಮುಕ್ಕಾಲಿಗೂ ಮಿಕ್ಕಿ ಸಿಲಿಕಾ, ಅದನ್ನು ಬಿಸಿ ಕ್ಷಾರದಲ್ಲಿ ತೊಳೆದು ತೆಗೀಬೇಕು, ಕೈ ಹುಷಾರು ಅಂದೆ. "ಎಷ್ಟು ತರ್ಲಿ?" ಅಂತ ಕೇಳಿದ. ಒಂದು ಚೀಲ ತರುವ ಹುರುಪಿನಲ್ಲಿದ್ದ. ಎರಡು ಹಿಡಿ ಸಾಕು ಕಣಪ್ಪ ಅಂದೆ. ಯಾವ ತಳಿ, ಯಾವ ಗದ್ದೆ, ಯಾವತ್ತು ಮಿಲ್ ಮಾಡಿಸಿದ್ದು, ಅಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಪೊಟ್ಟಣದ ಒಳಗೆ ಹಾಕಿಕೊಂಡು ಬಾ. ಕನ್ನಡದಲ್ಲೇ ಬರಿ.